ಕಳಿಸುವ ಬಡಿತ

ಸೆಪ್ಟೆಂಬರ್ 2, ಸೋಮವಾರ. ಬೆಳಿಗ್ಗೆ 5.20

ಅನ್ನ ಬೇಯುತ್ತಿದೆ. ಅಬಾ ಆಗಲೇ ಅಂಗಳದಲ್ಲಿ ಅರ ಹಿಡಿದು ಕೂತಾಗಿದೆ. ಗಮೆಲಾನ್ ವಾದ್ಯದ ಲೋಹದ ಪಟ್ಟಿ ಉಜ್ಜುವ ಸದ್ದು. ಉಜ್ಜು, ಬಡಿ, ಕಿವಿಗೆ ಹಿಡಿ, ಮತ್ತೆ ಉಜ್ಜು. ನಮ್ಮ ಓಣಿಯಲ್ಲಿ ಕೋಳಿಗಿಂತ ಮೊದಲು ಏಳುವುದು ಅಪ್ಪನ ಅರ.

ಹಾಡು ನಿನ್ನೆ ಮುಗಿಯಿತು. ಎಂಟು ತಿಂಗಳು ಹಿಡಿಯಿತು. ನಾಲ್ಕು ನಿಮಿಷ ಐವತ್ತು ಸೆಕೆಂಡು. ಗಿಟಾರ್ ನಾನು, ಗಂಟಲೂ ನಂದೇ. ಡ್ರಮ್ ದಾದನ್ ಅಣ್ಣ — ವಾರವೆಲ್ಲ ಫ್ಯಾಕ್ಟರಿಯ ಹೊಲಿಗೆ ಮಷಿನ್ ರಿಪೇರಿ, ಭಾನುವಾರ ಎರಡು ಕಾಲಲ್ಲೂ ಡ್ರಮ್ಮಿಗೆ ಒದೆ. ಬೇಸ್ ವಿವಿನ್. ಇಪ್ಪತ್ತೊಂದು ವರ್ಷ, ತಲೆಗೆ ಸ್ಕಾರ್ಫು, ಬೆರಳು ಮಾತ್ರ ಕಬ್ಬಿಣ.

ಸೊರೊಗ್ ಶ್ರೇಣಿಯಲ್ಲಿ ಕಟ್ಟಿದ ಮೆಟಲ್ ಹಾಡು. ಐದೇ ಸ್ವರ. ಎರಡು ಸ್ವರ ಒಂದಕ್ಕೊಂದು ಅಂಟಿಕೊಂಡು ಉಸಿರು ಕಟ್ಟಿಸುತ್ತವೆ, ಆಮೇಲೆ ಥಟ್ಟನೆ ಒಂದು ಹಳ್ಳ. ನಮ್ಮ ಸುಂಡಾ ಜನ ಇದನ್ನ ಅಳುವುದಕ್ಕೆ ಇಟ್ಟುಕೊಂಡರು. ನಾನು ಸಿಟ್ಟಿಗೆ ಇಟ್ಟುಕೊಂಡೆ. ಅಂಗಡಿ ಗಿಟಾರಿನಲ್ಲಿ ಈ ಸ್ವರಗಳೇ ಇಲ್ಲ. ಅದರ ಕುತ್ತಿಗೆಯ ಮೆಟ್ಟುಗಳನ್ನೆಲ್ಲ ಕಿತ್ತು, ಅಬಾನ ಪಟ್ಟಿಗಳಿಗೆ ಕೂಡುವ ಹಾಗೆ ಮತ್ತೆ ಕೂರಿಸಿದೆ. ಒಬ್ಬ ಕಮ್ಮಾರನ ಶ್ರುತಿ ಇನ್ನೊಬ್ಬನಿಗೆ ಕೂಡಲ್ಲ. ಈಗ ನನ್ನ ಗಿಟಾರು ಲೋಕದ ಯಾವ ಬ್ಯಾಂಡಿಗೂ ಸೇರದು. ಅಬಾನ ವಾದ್ಯಕ್ಕೆ ಮಾತ್ರ. ಹಾಳಾಗಿಹೋಗಲಿ. ನನಗೆ ಅಷ್ಟೇ ಸಾಕು.

ಸಂಜೆ 6.30

ಫ್ಯಾಕ್ಟರಿಯ ಊಟದ ಬಿಡುವಲ್ಲಿ ನಮ್ಮ ಹೊಲಿಗೆ ಲೈನ್ ನಾಲ್ಕರ ಸ್ಪೀಕರಿಗೆ ಹಾಡು ಹಾಕಿದೆ. ಮೊದಲು ಬೈಗುಳ. ಪಕ್ಕದ ಮಷಿನ್ನಿನ ಓನೆಂಗ್ ಕಿವಿ ಮುಚ್ಚಿಕೊಂಡು — "ಇದೇನೇ ನಿನಿಂಗ್, ಕೋಣ ಕಡಿಯೋ ಕಡೆ ಮೈಕ್ ಇಟ್ಟಿದ್ಯಾ? ನನ್ನ ಡಾಂಗ್‌ಡುಟ್ ಕುಣಿತದ ಹಾಡು ಹಾಕೇ, ಸೊಂಟಕ್ಕಾದ್ರೂ ಕೆಲಸ." ಮೂರನೇ ಸಲಕ್ಕೆ ಓನೆಂಗಳ ಕಾಲು ಪೆಡಲಿನ ಮೇಲೆ ತಾಳ ಹಾಕುತ್ತಿತ್ತು. ನೋಡಿದೆ. ನೋಡದ ಹಾಗೆ ಇದ್ದೆ.

ಪರ್ಸನೆಲ್ ಮ್ಯಾನೇಜರ್ ಹೆರ್ಮಾವನ್ ಬಂದ. ಬಯ್ತಾನೆ ಅಂದುಕೊಂಡೆ. ತಲೆ ವಾಲಿಸಿ ಕೇಳಿದ. "ನಿಮಿಷಕ್ಕೆ ಎಷ್ಟು ಬಡಿತ?" ಇನ್ನೂರು ಅಂದೆ. ನಕ್ಕ. "ಕೊನೇ ಒಂದು ಗಂಟೆ ದಿನಾ ಇದನ್ನೇ ಹಾಕಿ. ನಿದ್ದೆ ಹೋಗುತ್ತೆ, ಪೀಸ್ ಏರುತ್ತೆ."

ಏರಿತು. ಅದು ಅವನಿಗೆ ಬೇಕಾದ್ದು. ನನಗೆ ಬೇಕಾದ್ದು — ತೊಂಬತ್ತು ಹೆಂಗಸರು ನನ್ನ ಹಾಡು ಕೇಳುತ್ತಾ ಮಷಿನ್ ಓಡಿಸೋದು. ಸುಳ್ಳೇಕೆ, ಎದೆ ಉಬ್ಬಿತು.

ಸೆಪ್ಟೆಂಬರ್ 4, ಬುಧವಾರ

ಅಬಾ ಹಾಡು ಕೇಳಿದರು. ಇಯರ್‌ಫೋನ್ ಕೊಟ್ಟಿದ್ದೆ. ಒಲ್ಲೆ ಅಂದರು, ಫೋನನ್ನೇ ಕಿವಿಗೆ ಒತ್ತಿಕೊಂಡರು, ಪಟ್ಟಿ ಹಿಡಿಯುವ ಹಾಗೆ. ಮುಗಿದಾಗ ಮುಖ ಕಪ್ಪು.

"ನೆಂಗ್, ಮಗಳೇ, ಕೊನೇದು ಎಲ್ಲಿ?"

"ಯಾವ ಕೊನೇದು?"

"ಶುರುವಿಗೆ ನನ್ನ ಡೋಲು ಹಾಕ್ಕೊಂಡಿದೀಯ. ಕರೆಯೋ ಬಡಿತ. ಕಳಿಸೋ ಬಡಿತ ಎಲ್ಲಿ?"

ಹಾಡು ಉದ್ದ ಆಯ್ತು, ಕತ್ತರಿಸಿದೆ ಅಂದೆ. ಸಂಕಲನದ ಸೀಡಿಗೆ ಕಳಿಸಬೇಕು, ಐದು ನಿಮಿಷಕ್ಕಿಂತ ಹೆಚ್ಚಿದ್ದರೆ ತಗೊಳಲ್ಲ. ಎರಡು ನಿಮಿಷದ ಕಳಿಸುವ ಬಡಿತ ಹಾರಿಸಿದೆ.

ಅಬಾ ಅರ ಕೆಳಗಿಟ್ಟರು. ಅವರು ಅರ ಕೆಳಗಿಟ್ಟರೆ ಮನೆಯಲ್ಲಿ ಎಲ್ಲರಿಗೂ ಹೆದರಿಕೆ. ಅವರು ರೆಯಾಕ್ ಮೇಳದ ಡೋಲಿನವರು. ಆ ಕುಣಿತದಲ್ಲಿ ಬಿದಿರಿನ ಕುದುರೆ ಹಿಡಿದವರಿಗೆ ಮೈಮೇಲೆ ಬರುತ್ತೆ. ಬಡಿತದಲ್ಲೇ ಕರೆಯೋದು, ಬಡಿತದಲ್ಲೇ ಕಳಿಸೋದು. ಕಳಿಸದೆ ಡೋಲು ಇಳಿಸಿದವರನ್ನ ನಮ್ಮಲ್ಲಿ ಯಾರೂ ಮುಂದಿನ ಮೇಳಕ್ಕೆ ಕರೆಯಲ್ಲ.

"ಮನೆಗೆ ಕರೆದೋರ್ನ ಬಾಗಿಲಲ್ಲೇ ನಿಲ್ಲಿಸಿ ಮಲಗಿಬಿಟ್ಟಿದೀಯ" ಅಂದರು.

"ಇದು ರೆಯಾಕ್ ಅಲ್ಲ ಅಬಾ. ಮೆಟಲ್."

"ಡೋಲಿಗೆ ಗೊತ್ತಾಗುತ್ತಾ ಅದು?"

ಊಟ ಮಾಡದೆ ಎದ್ದೆ.

ಸೆಪ್ಟೆಂಬರ್ 6, ಶುಕ್ರವಾರ

ಬಿಳಿ ಅಂಗಿಯ ಆರ್ಡರ್. ಬಯರ್‌ಗೆ ಒಂದು ಚುಕ್ಕೆ ಎಣ್ಣೆ ಕಾಣಬಾರದು. ಕಲೆ ತೆಗೆಯುವ ಟೇಬಲ್ಲು ಹಿಂದಿನ ಶೆಡ್ಡಿನಲ್ಲಿತ್ತು. ಇವತ್ತು ಎತ್ತಿ ತಂದು ನಮ್ಮ ಲೈನಿನ ನಡುವೆಯೇ ಇಟ್ಟರು. ಕಲೆಗೆ ಮದ್ದು ಚಿಮ್ಮುವ ಗನ್ನು ಹಿಡಿಯೋದು ವಿವಿನ್. ರಂಜಾನ್ ಉಪವಾಸದ ತಿಂಗಳಿಂದ ಅವಳ ಕೆಲಸ ಅದೇ. ಚುಯ್ ಚುಯ್ ಅಂತ ಬಟ್ಟೆಗೆ ಹೊಡೀತಾಳೆ, ಕಲೆ ಆರಿಹೋಗುತ್ತೆ. ವಾಸನೆ ಮೂಗಿಗಲ್ಲ, ನೇರ ಹಣೆಗೆ. ಆ ಮದ್ದಿನ ಡಬ್ಬಿಯ ಮೇಲೆ ಹೆಸರಿನ ಚೀಟಿ ಇಲ್ಲ.

ಹೊರಗಿನ ಧೂಳು ಬಿಳಿ ಬಟ್ಟೆಗೆ ಹತ್ತುತ್ತೆ ಅಂತ ಕಿಟಕಿಗಳಿಗೆ ಪ್ಲಾಸ್ಟಿಕ್ ಹೊಡೆದರು. ಗೋಡೆಯ ದೊಡ್ಡ ಫ್ಯಾನು ಹತ್ತಿ ಎಳೆ ಹಾರಿಸುತ್ತೆ ಅಂತ ಅದೂ ಬಂದ್.

"ನಾವು ಉಸಿರಾಡೋದು ಎಲ್ಲಿಂದ?" ಅಂತ ಓನೆಂಗ್ ಕೇಳಿದಳು.

ಸೂಪರ್‌ವೈಸರ್ — "ಮನೇಲಿ ಆಡಿ ಬಂದಿಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ತಲೆನೋವು.

ಸೆಪ್ಟೆಂಬರ್ 10, ಮಂಗಳವಾರ. ಸಂಜೆ 7

ಬರೆಯಲೇಬೇಕು.

ಮಧ್ಯಾಹ್ನ ಮೂರೂ ಇಪ್ಪತ್ತು. ಕೊನೆಯ ಗಂಟೆ. ಹಾಡು ಓಡುತ್ತಿತ್ತು, ಎರಡನೇ ಸುತ್ತು. ವಿವಿನ್ ಗನ್ನು ಕೆಳಗಿಟ್ಟಳು. ನಿಧಾನಕ್ಕೆ, ಮಗು ಮಲಗಿಸುವ ಹಾಗೆ. ಆಮೇಲೆ ಕೂಗಿದಳು. ಅದು ಅವಳ ದನಿಯಲ್ಲ. ಅವಳು ಬಿದ್ದಳು. ಪಕ್ಕದವಳು ಹಿಡಿಯಲು ಬಾಗಿ ಅಲ್ಲೇ ಕುಸಿದಳು. ಮೂರು. ಏಳು. ಮಷಿನ್‌ಗಳ ನಡುವೆ ಹೆಂಗಸರು ಬೆನ್ನು ಬಿಲ್ಲಾಗಿಸಿ, ಉಗುರಲ್ಲಿ ಸಿಮೆಂಟು ಕೆರೆಯುತ್ತಾ. ಒಬ್ಬಳು ಅವ್ವನ್ನ ಕರೀತಿದ್ದಳು. ಒಬ್ಬಳು ನಗುತ್ತಿದ್ದಳು.

ಮೇಲೆ ನನ್ನದೇ ಗಂಟಲು ಗರ್ಜಿಸುತ್ತಿದೆ. ನನ್ನದೇ ಹಾಡು.

ಗಾರ್ಡ್ ಓಡಿಬಂದು ಪ್ಲಗ್ ಕಿತ್ತ. ಹಾಡು ನಡುವಲ್ಲೇ ಕತ್ತರಿಸಿಹೋಯಿತು. ಆಗ ಬಂದ ನಿಶ್ಶಬ್ದದಲ್ಲಿ ಇನ್ನೂ ಹತ್ತು ಜನ ಬಿದ್ದರು.

ಒಟ್ಟು ನಲವತ್ತಮೂರು. ದೆವ್ವ ಬಿಡಿಸಲು ಓದಿ ಊದುವ ಮುದುಕರೊಬ್ಬರನ್ನ ಕರೆಸಿದರು. ಉಪ್ಪು ನೀರು ಎರಚಿದರು. ಡಾಕ್ಟರು ಬಂದದ್ದು ಎರಡು ಗಂಟೆ ತಡವಾಗಿ.

ಅಂಗಳದಲ್ಲಿ ಅಬಾ ಕೂತಿದ್ದಾರೆ. ಅರ ಕೈಯಲ್ಲಿಲ್ಲ.

ಸೆಪ್ಟೆಂಬರ್ 13, ಶುಕ್ರವಾರ

ಆಫೀಸಿಗೆ ಕರೆದರು. ಎಸಿ. ಸಿಹಿ ಟೀ. ಹೆರ್ಮಾವನ್ ಒಂದು ಕಾಗದ ಮುಂದಿಟ್ಟ. ಟೈಪ್ ಆಗಿ ಬಂದಿದೆ, ಸಹಿಯ ಜಾಗ ಮಾತ್ರ ಖಾಲಿ.

"ನಾನು ನುಡಿಸಿದ ಸೊರೊಗ್ ಶ್ರೇಣಿಯ ಹಾಡಿನಿಂದ ಸಹೋದ್ಯೋಗಿಗಳಿಗೆ ಅಶರೀರ ಶಕ್ತಿಗಳ ಆವೇಶ ಉಂಟಾಯಿತು. ಫ್ಯಾಕ್ಟರಿಯ ಕೆಲಸದ ಪರಿಸರಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಕ್ಷಮೆ ಕೋರುತ್ತೇನೆ."

"ಹಾಡು ಹಾಕು ಅಂದವರು ನೀವು" ಅಂದೆ.

"ನಾನು ಸಂಗೀತ ಅಂದೆ. ದೆವ್ವ ಅಂದೆನಾ?"

"ಫ್ಯಾನ್ ಬಂದ್ ಮಾಡಿದ್ರಿ. ಕಿಟಕಿ ಮುಚ್ಚಿದ್ರಿ. ಆ ಗನ್ನು..."

ಅವನು ಫೋನ್ ತೆಗೆದ. ವಿಡಿಯೋ. ಹೋದ ವರ್ಷದ ಶೋ, ಉಜುಂಗ್‌ಬೆರುಂಗ್‌ನಲ್ಲಿ. ವೇದಿಕೆ ಮೇಲೆ ನಾನೇ. ಬೆವರು, ಮೈಕು. ಕಿರುಚುತ್ತಿದ್ದೇನೆ — "ಈ ಸ್ವರಗಳು ಹಾಡಲ್ಲ! ಹೂತಿದ್ದನ್ನ ಎಬ್ಬಿಸುವ ಗುದ್ದಲಿ! ಕೇಳಿದವರು ನಿಂತಲ್ಲಿ ನಿಲ್ಲಲ್ಲ!"

"ನಿಮ್ಮ ಬಾಯಿ" ಅಂದ. "ನಾನು ಬರೆಸಿಕೊಂಡಿದ್ದು ನಿಮ್ಮ ಮಾತೇ."

ಫೋನನ್ನ ಅವನ ಕಡೆಗೇ ತಳ್ಳಿದೆ.

ಸಹಿ ಹಾಕಿದರೆ ನಲವತ್ತಮೂರು ಜನಕ್ಕೂ ಕಾಯಿಲೆ ರಜೆ, ಚಿಕಿತ್ಸೆ ಫ್ಯಾಕ್ಟರಿದು, ನನಗೆ ಗೋದಾಮಿನಲ್ಲಿ ಕೆಲಸ. ಹಾಕದಿದ್ದರೆ ಅವರೆಲ್ಲ ಹೇಳದೆ ಗೈರು. ನನ್ನ ಮೇಲೆ ಪೊಲೀಸು. ಇಪ್ಪತ್ತನಾಲ್ಕರವರೆಗೆ ಟೈಮು. ಅಲ್ಲಿಯವರೆಗೆ ಗೇಟಿನ ಹೊರಗೆ.

ಟೀ ಮುಟ್ಟಲಿಲ್ಲ.

ಸೆಪ್ಟೆಂಬರ್ 14

ಫೋನ್ ತುಂಬ ಮೆಸೇಜು. ಎಲ್ಲ ಮೆಟಲ್ ಹುಚ್ಚಿನ ಕರಿ ಟೀಶರ್ಟಿನವರು, ಬಾಂಡುಂಗಿಂದ, ಜಕಾರ್ತಾದಿಂದ. "ತೇಹ್, ಅಕ್ಕಾ, ನಲವತ್ತಮೂರು ಜನ ಬಿದ್ದರಂತೆ! ಇದಕ್ಕಿಂತ ಉಗ್ರ ಹಾಡು ಯಾರ ಹತ್ರ ಇದೆ?" ಒಬ್ಬ ಪೋಸ್ಟರೇ ಮಾಡಿ ಕಳಿಸಿದ್ದಾನೆ — ಹೊಲಿಗೆ ಮಷಿನ್ನು, ತಲೆಬುರುಡೆ, ಕೆಳಗೆ 43.

ಇದನ್ನ ಬರೀತೀನಿ, ಯಾರೂ ಓದಲ್ಲ ಅಂತ. ಪೋಸ್ಟರ್ ನೋಡಿ ಒಂದು ಕ್ಷಣ ಖುಷಿಯಾಯಿತು. ಒಂದಲ್ಲ. ನಾಲ್ಕೈದು ಕ್ಷಣ. ಎಂಟು ತಿಂಗಳು ಮೆಟ್ಟು ಕಿತ್ತು ಕೂರಿಸಿದ್ದು, ಬೆರಳು ಕೊಯ್ದುಕೊಂಡದ್ದು — ನನ್ನ ಸ್ವರಕ್ಕೆ ಶಕ್ತಿ ಇದೆ!

ಆಮೇಲೆ ವಿವಿನ್ ಗನ್ನು ಕೆಳಗಿಟ್ಟ ರೀತಿ ನೆನಪಾಯಿತು. ಪೋಸ್ಟರನ್ನ ಫೋನಿಂದ ಅಳಿಸಿಹಾಕಿದೆ.

ಸೆಪ್ಟೆಂಬರ್ 17, ಮಂಗಳವಾರ

ವಿವಿನ್ ಮನೆಗೆ ಹೋಗಿದ್ದೆ. ಗೋಡೆಗೆ ಒರಗಿ ಕೂತಿದ್ದಾಳೆ. ಎದುರಿಗೆ ಅವಳ ಬೇಸ್ ಗಿಟಾರು.

"ಮುಟ್ಟಿದರೆ ಗೊತ್ತಾಗ್ತಿಲ್ಲ ತೇಹ್. ತಂತಿ ಇದೆಯೋ ಇಲ್ವೋ."

ಕೈಬೆರಳು, ಕಾಲ್ಬೆರಳು ಮರಗಟ್ಟಿವೆ. ನಡೆಯುವಾಗ ಚಪ್ಪಲಿ ಕಳಚಿದ್ದು ತಿಳಿಯಲ್ಲ. ಯಾವಾಗಿಂದ ಅಂದೆ. ತಲೆ ತಗ್ಗಿಸಿದಳು. ಹಬ್ಬ ಆದಮೇಲಿಂದ. ಅಂದರೆ ಒಂದು ತಿಂಗಳ ಮೇಲಾಯಿತು. ಹಾಡು ಫ್ಯಾಕ್ಟರಿಯಲ್ಲಿ ಓಡುವ ಮೊದಲೇ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೇಸ್‌ಗೆ ಬೇರೆಯವ್ರನ್ನ ಹಾಕ್ಕೋತಿದ್ರಿ."

ದರಿದ್ರ ಹುಡುಗಿ. ತಬ್ಬಿಕೊಂಡೆ. ದೆವ್ವ ಮೈಮೇಲೆ ಬಂದಿದ್ದು ಹತ್ತನೇ ತಾರೀಖು, ಬಿಟ್ಟುಹೋಗಿದ್ದೂ ಅವತ್ತೇ. ಅದು ಒಂದು ತಿಂಗಳು ಮೊದಲೇ ಬಂದು ಕಾಲ್ಬೆರಳು ತಿಂದುಹೋಗುತ್ತಾ? ಗನ್ನು ತಿಂದಿದೆ. ಚೀಟಿಯಿಲ್ಲದ ಡಬ್ಬಿ ತಿಂದಿದೆ.

ಆದರೆ ಉಳಿದ ನಲವತ್ತೆರಡು? ಅವರು ಗನ್ನು ಹಿಡಿದವರಲ್ಲ. ಹಾಡು ಓಡುತ್ತಿದ್ದಾಗಲೇ ಬೀಳತೊಡಗಿದರು.

ಸೆಪ್ಟೆಂಬರ್ 18

ಅಬಾನ ಮುಂದೆ ಕೂತು ನೇರ ಕೇಳಿದೆ. "ಸೊರೊಗ್ ಬೀಳಿಸಿತಾ?"

ಅವರು ಕೈಲಿದ್ದ ಪಟ್ಟಿ ಉಜ್ಜಿ ಮುಗಿಸಿದರು. ಆಮೇಲೆ —

"ನಲವತ್ತು ವರ್ಷ ಈ ಸ್ವರ ಕಿವಿಗೆ ಹಿಡ್ಕೊಂಡಿದೀನಿ. ಬೀಳಿಸೋದೇ ಆಗಿದ್ರೆ ನಾನು ಎಷ್ಟು ಸಲ ಬೀಳ್ಬೇಕಿತ್ತು?"

"ಮತ್ತೆ ಮೇಳದಲ್ಲಿ ಬೀಳ್ತಾರಲ್ಲ?"

"ಬೀಳ್ತಾರೆ. ಕುಣಿಯೋನಿಗೆ ಮೊದಲು ಹೊಟ್ಟೆ ತುಂಬ ಅನ್ನ. ಬಯಲು. ಗಾಳಿ. ಒಬ್ಬೊಬ್ಬನ ಬೆನ್ನಿಗೂ ಹಿಡಿಯೋಕೆ ಒಬ್ಬ. ಅಷ್ಟೆಲ್ಲ ಇಟ್ಟು ಆಮೇಲೆ ಕರೀತೀವಿ." ಪಟ್ಟಿ ಬಡಿದರು, ಕೇಳಿದರು. "ಸ್ವರ ಬಾಗಿಲು ತೆಗೆಯುತ್ತೆ ನೆಂಗ್. ಅಷ್ಟೇ ಅದರ ಕೈಲಾಗೋದು. ನಿಮ್ಮ ಕಾರ್ಖಾನೇಲಿ ಒಳಗೆ ತುಂಬಿ ಇಟ್ಟಿದ್ದು ಏನು, ಅದು ಹೊರಗೆ ಬಿತ್ತು."

ಅಷ್ಟಕ್ಕೇ ಬಿಡಲಿಲ್ಲ. "ಬಿದ್ದೋರ್ನೆಲ್ಲ ಕರಿ. ಊಟ ಹಾಕು. ಹಾಡು ಪೂರ್ತಿ ನುಡಿಸು, ಕಳಿಸೋ ಬಡಿತ ಸೇರಿಸಿ. ಆಮೇಲೆ ಆ ಕಾಗದಕ್ಕೆ ಏನು ಮಾಡ್ಬೇಕೋ ಮಾಡು."

ಮತ್ತೆ ಬಿದ್ದರೆ?

ದಾದನ್‌ಗೆ ಫೋನ್ ಮಾಡಿದೆ, ಭಾನುವಾರ ಬಾ ಅಂತ.

ಸೆಪ್ಟೆಂಬರ್ 22, ಭಾನುವಾರ. ಮಧ್ಯಾಹ್ನ 3

ವಾಲಿಬಾಲ್ ಬಯಲಲ್ಲಿ ಸೇರಿದೆವು. ನಲವತ್ತಮೂರರಲ್ಲಿ ಮೂವತ್ತೊಂದು ಜನ ಬಂದರು. ಫ್ಯಾಕ್ಟರಿ ಗೇಟಿನ ಎದುರು ಅಂಗಡಿ ಇಟ್ಟಿರುವ ಬು ಎಂತಿನ್ ಬಾಳೆಲೆ ಹಾಸಿ ಬಡಿಸಿದಳು — ಬಿಸಿ ಅನ್ನ, ಉಪ್ಪುಮೀನು, ಸಂಬಲ್ ಚಟ್ನಿ. ಒಬ್ಬಳ ಗಂಡ ಅವಳ ತೋಳು ಹಿಡಿದುಕೊಂಡೇ ಕೂತಿದ್ದ. ಇನ್ನೊಬ್ಬಳ ಅತ್ತೆ ಉಪ್ಪಿನ ಪೊಟ್ಟಣ ತಂದಿದ್ದಳು.

ಶುರು ಮಾಡಿದೆ. ಅಬಾನ ಡೋಲು, ದಾದನ್ ಡ್ರಮ್, ನನ್ನ ಗಿಟಾರು. ವಿವಿನ್ ಬೇಸ್ ಹಿಡಿದು ನಿಂತಿದ್ದಳು. ನುಡಿಸಲು ಆಗದು, ಆದರೂ ನಿಂತಿದ್ದಳು.

ಎರಡನೇ ನಿಮಿಷಕ್ಕೆ ಸಾಲಿನ ಮಧ್ಯೆ ಒಬ್ಬಳು ಎದ್ದಳು. ಓನೆಂಗ್. ಸ್ಕಾರ್ಫು ಸಡಿಲ. ಕಣ್ಣು ಮುಚ್ಚಿದೆ. ತಲೆ ಮುಂದಕ್ಕೆ ಬಿತ್ತು, ಹಿಂದಕ್ಕೆ ಬಿತ್ತು, ಮತ್ತೆ ಮುಂದಕ್ಕೆ. ಆ ಅತ್ತೆ ಕೂಗಿ ಉಪ್ಪು ಎರಚಿದಳು. ನಾಲ್ಕು ಜನ ಹಾರಿ ಅವಳ ರಟ್ಟೆ ಹಿಡಿದರು. ನನ್ನ ಬೆರಳು ತಂತಿಯ ಮೇಲೆ ಹೆಪ್ಪುಗಟ್ಟಿತು. ಆಯ್ತು. ಮುಗೀತು.

"ಬಿಡ್ರೇ ಮುಂಡೇವಾ!" ಅಂದಳು ಓನೆಂಗ್. "ಬಿದ್ದಿಲ್ಲ ಕಣ್ರೇ, ತಲೆ ಬೀಸ್ತಿದೀನಿ! ಟೀವೀಲಿ ಉದ್ದ ಕೂದ್ಲೋರು ಬೀಸಲ್ವಾ ಹಂಗೆ! ಕಣ್ಣಿಗೆಲ್ಲ ಉಪ್ಪು..."

ಮೂವತ್ತು ಹೆಂಗಸರು ನಕ್ಕ ನಗು. ನಗುತ್ತಾ ಕೆಲವರು ಅತ್ತರು. ಅತ್ತವರು ಬೀಳಲಿಲ್ಲ. ಅಬಾ ಕಳಿಸುವ ಬಡಿತ ಎತ್ತಿಕೊಂಡರು. ಎರಡು ನಿಮಿಷ. ನಾನು ಕತ್ತರಿಸಿ ಎಸೆದದ್ದು. ಅದರ ಕೊನೆಗೆ ಒಬ್ಬೊಬ್ಬರ ಹೆಗಲೂ ಇಳಿದದ್ದನ್ನ ಕಣ್ಣಾರೆ ಕಂಡೆ.

ಯಾರೂ ಬೀಳಲಿಲ್ಲ.

ಇದನ್ನೂ ಬರೆದುಬಿಡ್ತೀನಿ. ಒಂದು ಚೂರು ಬೇಜಾರಾಯಿತು. ನನ್ನ ಗುದ್ದಲಿ ಏನನ್ನೂ ಎಬ್ಬಿಸಲಿಲ್ಲ. ಅದು ಬರೀ ಹಾಡು. ಒಳ್ಳೆಯ ಹಾಡು. ಅಷ್ಟೇ.

ಸೆಪ್ಟೆಂಬರ್ 24, ಮಂಗಳವಾರ

ಕಾಗದ ತೆಗೆದುಕೊಂಡು ಹೋದೆ. ಸಹಿಯ ಜಾಗದಲ್ಲಿ ದೊಡ್ಡಕ್ಷರದಲ್ಲಿ ಬರೆದಿದ್ದೆ — ಫ್ಯಾನ್ ಹಾಕಿ.

ಹೆರ್ಮಾವನ್ ಓದಿ ಮಡಚಿಟ್ಟ. ಸಿಟ್ಟಾಗಲಿಲ್ಲ. ಅದೇ ಹೆದರಿಕೆ.

"ನಿನಿಂಗ್, ಎರಡು ವಾರ ಆಯ್ತು. ಹಾಡಿಲ್ಲ. ಒಬ್ಬಳೂ ಬಿದ್ದಿಲ್ಲ. ಇದಕ್ಕಿಂತ ಪುರಾವೆ ಬೇಕಾ?"

"ಬಿಳಿ ಬಟ್ಟೆ ಬಂದಿಲ್ಲ. ಗನ್ನು ಹೊಡೆದಿಲ್ಲ."

"ಗುರುವಾರ ಬರುತ್ತೆ. ಗನ್ನೂ ಹೊಡೀತಾರೆ. ಸಂಗೀತ ಇರಲ್ಲ, ಫೋನೆಲ್ಲ ಗೇಟಲ್ಲೇ ಕಿತ್ಕೋತೀವಿ. ಯಾರೂ ಬೀಳದೆ ಇದ್ರೆ ನೇರ ಪೊಲೀಸಿಗೆ ಕೊಡ್ತೀನಿ."

ನಾನೂ, ಓನೆಂಗ್ ಸೇರಿ ನನ್ನ ಪರ ಮಾತಾಡಿದ ಹನ್ನೆರಡು ಜನವೂ ಗೇಟಿಂದ ಹೊರಗೆ. ಉಳಿದವರಿಗೆ ಒಳಗೆ ಹೋಗದೆ ಗತಿಯಿಲ್ಲ. ವಿವಿನ್‌ಗೂ. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಸೆಪ್ಟೆಂಬರ್ 25, ಬುಧವಾರ. ಸಂಜೆ 6

ಬು ಎಂತಿನ್ ಅಂಗಡಿಯಲ್ಲಿ ಕೂತೆವು. ನಾನು, ದಾದನ್, ವಿವಿನ್, ಓನೆಂಗ್. ಕರಿದ ಸಿರೆಂಗ್ ತಿಂಡಿ ಆರಿಹೋಯ್ತು, ಯಾರೂ ತಿನ್ನಲಿಲ್ಲ.

ನಾಳೆ ಗನ್ನಿನ ಮುಂದೆ ಮತ್ತೆ ವಿವಿನ್. ಅವಳೇ ಕೈ ಪಳಗಿದವಳಂತೆ. ಆ ಮರಗಟ್ಟಿದ ಕೈ!

ದಾದನ್ ಹತ್ತಿರ ಕರೆಂಟ್ ಪೆಟ್ಟಿಗೆಯ ಬೀಗದಕೈ ಇದೆ. "ಹೇಳು, ಬೆಳಿಗ್ಗೇನೇ ಪ್ಲಾಸ್ಟಿಕ್ ಸೀಳ್ತೀನಿ, ಫ್ಯಾನ್ ಹಾಕ್ತೀನಿ. ಕೆಲಸ ಹೋದ್ರೆ ಹೋಗ್ಲಿ, ಡ್ರಮ್ ಇದೆ."

"ಬೇಡ" ಅಂದೆ. ನಾನೇ ಅಂದದ್ದು. "ಫ್ಯಾನ್ ಹಾಕಿದರೆ ಯಾರೂ ಬೀಳಲ್ಲ. ಬೀಳದಿದ್ರೆ ಹಾಡೇ ಕಾರಣ ಅಂತಾನೆ. ಹಾಡಿಲ್ಲದೆ ಒಬ್ಬಳಾದ್ರೂ ಬೀಳ್ಬೇಕು."

ಓನೆಂಗ್ ನನ್ನನ್ನೇ ನೋಡಿದಳು. "ಒಬ್ಬಳು ಅಂದ್ರೆ ಯಾರೇ?"

ವಿವಿನ್ ನಕ್ಕಳು. "ನಾನೇ ಬೀಳ್ತೀನಿ ಬಿಡಿ. ಅಭ್ಯಾಸ ಆಗಿದೆ. ತೇಹ್‌ಗೆ ಪುರಾವೆ ಬೇಕಲ್ವಾ?"

ತಮಾಷೆಗೆ ಅಂದಳು. ನಾನು ಇಲ್ಲ ಅನ್ನಲಿಲ್ಲ.

ದಾದನ್ ಒಂದು ಷರತ್ತು ಹಾಕಿದ. ರಿಪೇರಿ ಕೋಣೆಯಿಂದ ಲೈನ್ ನಾಲ್ಕು ಕಾಣಲ್ಲ. ಫೋನೂ ಇರಲ್ಲ. ನಮ್ಮ ಮನಸ್ಸು ಬದಲಾದರೆ ಗೇಟಿನಲ್ಲಿ ಕಳಿಸುವ ಬಡಿತ ನುಡಿಸಬೇಕು, ಒಂಬೈನೂರು ಮಷಿನ್ನಿನ ಸದ್ದು ದಾಟುವ ಹಾಗೆ. ಕೇಳಿದ ಕ್ಷಣ ಫ್ಯಾನ್ ಹಾಕುತ್ತಾನೆ. ಕೇಳದಿದ್ದರೆ ಇಲ್ಲ.

"ಬದಲಾಗಲ್ಲ" ಅಂದೆ.

ಸೆಪ್ಟೆಂಬರ್ 26, ಗುರುವಾರ. ಬೆಳಿಗ್ಗೆ 6.50

ಗೇಟಿನ ಎದುರು. ಹೊರಗಾದ ನಾವು ಹದಿಮೂರು ಜನ. ಆಂಪ್ಲಿಫೈಯರ್ ಬು ಎಂತಿನ್ ಅಂಗಡಿಯ ಪ್ಲಗ್ಗಿನಲ್ಲಿ. ಅಬಾನೂ ಬಂದಿದ್ದಾರೆ, ಡೋಲಿನ ಜೊತೆ. ಕರೆದಿರಲಿಲ್ಲ. ದಾದನ್ ಅವರಿಗೆ ಎಲ್ಲ ಹೇಳಿದ್ದಾನೆ. ಅಬಾ ನನ್ನ ಕಡೆ ನೋಡುತ್ತಿಲ್ಲ.

ವಿವಿನ್ ಒಳಗೆ ಹೋದಳು. ಗೇಟಿನ ಹತ್ತಿರ ಒಂದು ಚಪ್ಪಲಿ ಕಳಚಿತು. ಅವಳಿಗೆ ತಿಳಿಯಲಿಲ್ಲ. ಹಾಗೇ ಹೋದಳು.

8.15

ಗಾರ್ಡ್ ಆ ಚಪ್ಪಲಿಯನ್ನ ಬದಿಗೆ ಒದ್ದ. ಓನೆಂಗ್ ಹೋಗಿ ತಂದಳು. ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಳೆ.

ಲೈನ್ ನಾಲ್ಕರ ಗೋಡೆ ಇಲ್ಲಿಂದ ಕಾಣುತ್ತೆ. ಫ್ಯಾನಿನ ರೆಕ್ಕೆ ನಿಂತಿದೆ. ಕಿಟಕಿಯ ಪ್ಲಾಸ್ಟಿಕ್ ಉಬ್ಬುತ್ತೆ, ಇಳಿಯುತ್ತೆ. ಉಸಿರಾಡುತ್ತಿರುವುದು ಅದೊಂದೇ.

9.30

ಬಿಸಿಲು. ಮಷಿನ್ನುಗಳ ಸದ್ದು ಬಿಟ್ಟರೆ ಬೇರೆ ಏನೂ ಇಲ್ಲ. ಕಿವಿ ಇಟ್ಟು ಕೂತಿದ್ದೇನೆ. ಯಾವುದಕ್ಕೆ? ಕೂಗಿಗೆ. ಒಂದು ಹುಡುಗಿಯ ಕೂಗಿಗೆ ಕಾಯುತ್ತಾ ಕೂತಿದ್ದೇನೆ. ಹೆರ್ಮಾವನ್ ಪೀಸ್ ಎಣಿಸಿದ ಹಾಗೆ ನಾನು ಬೀಳುವವರನ್ನ ಎಣಿಸಲು ಕೂತಿದ್ದೇನೆ.

ಓನೆಂಗ್ ಕೇಳಿದಳು. "ಬಿದ್ದ ಮೇಲೆ ಅವಳ ಬೆರಳು ಎಷ್ಟು ಉಳಿಯುತ್ತೆ ನಿನಿಂಗ್?"

9.50

ನುಡಿಸಿದರೆ ಗೊತ್ತು ಏನಾಗುತ್ತೆ. ಫ್ಯಾನ್ ತಿರುಗುತ್ತೆ, ಯಾರೂ ಬೀಳಲ್ಲ. ಬಿದ್ದರೂ ಮತ್ತೆ ಇವಳೇ ನುಡಿಸಿದಳು ಅಂತಾನೆ. ಎರಡು ಕಡೆಯಿಂದಲೂ ನಾನೇ ಸಿಕ್ಕಿಬೀಳುವುದು. ಪುರಾವೆ ಹೋಗುತ್ತೆ. ಕೆಲಸ ಹೋಗುತ್ತೆ. ಪೊಲೀಸು.

ಅಬಾ ಈಗ ನೋಡಿದರು. ಇಷ್ಟೇ ಅಂದರು — "ಅವಳ ಬೆನ್ನಿಗೆ ಹಿಡಿಯೋಕೆ ಯಾರಿದಾರೆ ನೆಂಗ್?"

ಥೂ ನನ್ನ ಪುರಾವೆಗೆ.

ಗಿಟಾರ್ ಎತ್ತಿಕೊಳ್ತಿದೀನಿ. ಕರೆಯುವ ಭಾಗ ಬೇಡ. ಕಳಿಸುವುದು ಮಾತ್ರ.

9.52

ಪ್ಲಗ್ ಕಿತ್ತ. ಇಪ್ಪತ್ತು ಸೆಕೆಂಡೂ ಆಗಿರಲಿಲ್ಲ, ಗಾರ್ಡ್ ರಸ್ತೆ ದಾಟಿ ಬಂದು ಬು ಎಂತಿನ್‌ಳನ್ನ ತಳ್ಳಿ ಕಿತ್ತ. ಗಿಟಾರು ಸತ್ತಿತು. ದಾದನ್‌ಗೆ ಕೇಳಿತೋ ಇಲ್ಲವೋ. ನನ್ನ ಕೈ ಖಾಲಿ. ಅದಕ್ಕೆ ಬರೀತಿದೀನಿ, ಇಲ್ಲದಿದ್ದರೆ ಹುಚ್ಚು ಹಿಡಿಯುತ್ತೆ.

ಅಬಾನ ಡೋಲಿಗೆ ಪ್ಲಗ್ ಇಲ್ಲ. ನಿಲ್ಲಿಸಿಲ್ಲ. ಗೇಟಿಗೇ ಬೆನ್ನು ಕೊಟ್ಟು ನಿಂತು ಬಡೀತಿದ್ದಾರೆ. ಆದರೆ ಒಂದು ಡೋಲು, ಒಂಬೈನೂರು ಮಷಿನ್ನು...

ಓನೆಂಗ್ ಎದ್ದಳು. ವಿವಿನ್‌ಳ ಚಪ್ಪಲಿ ಕೈಯಲ್ಲಿ. ಗೇಟಿನ ತಗಡಿಗೆ ಹೊಡೆದಳು. ಅದೇ ಬಡಿತ, ಭಾನುವಾರ ಕೇಳಿದ್ದು, ಒಂದೂ ತಪ್ಪಿಲ್ಲ. ಈಗ ಇನ್ನೊಬ್ಬಳು. ಕಲ್ಲಿನಿಂದ. ಬು ಎಂತಿನ್ ಬಾಣಲೆ ತಂದಳು. ನಾನು ಬಿಟ್ಟು ಹನ್ನೆರಡೂ ಜನ. ಗೇಟೇ ಡೋಲಾಗಿದೆ. ಗಾರ್ಡ್ ಯಾರ ಪ್ಲಗ್ ಕೀಳಬೇಕು ಅಂತ ನೋಡ್ತಿದ್ದಾನೆ.

ಹೆರ್ಮಾವನ್ ಮೇಲಿನ ಕಿಟಕಿಗೆ ಬಂದ. ಫೋನಿನಲ್ಲಿ ವಿಡಿಯೋ ತೆಗೀತಿದ್ದಾನೆ. ತೆಗಿ. ಚೆನ್ನಾಗಿ ತೆಗಿ.

ರೆಕ್ಕೆ ನಿಂತೇ ಇದೆ.

ಇನ್ನೂ ಅರ್ಧ ನಿಮಿಷದ ಬಡಿತ ಇದೆ. ಅಬಾ ಬೆವರಿ ಒದ್ದೆ. ಒಳಗೆ ಒಂದು ಕೂಗು — ಅಲ್ಲ, ಪ್ಲಾಸ್ಟಿಕ್. ಪ್ಲಾಸ್ಟಿಕ್ ಹರಿದ ಸದ್ದು! ನಾಲ್ಕನೇ ಕಿಟಕಿ. ಮೂರನೆಯದು. ಒಂದು ಕೈ ಹೊರಗೆ ಬಂತು, ಹುಡುಗಿಯದೋ, ದಾದನ್‌ದೋ ತಿಳೀತಿಲ್ಲ. ರೆಕ್ಕೆ ಅಲುಗಿತು. ಗಾಳಿಗಿರಬೇಕು. ಇಲ್ಲ, ಗಾಳಿಗಲ್ಲ, ಇದು ತಿರುಗ್ತಿ—